ಅಣ್ಣನ ಸಹಿ

ನಮ್ಮಣ್ಣನಿಗೆ ಈಗ 36 ವರ್ಷ. ಬುದ್ಧಿಮಾಂದ್ಯತೆ ಇದೆ. ಬರೆಯೋಕೆ ಬರುವುದು ಅವನ ಹೆಸರಿನ ಮೂರೇ ಅಕ್ಷರ. ಕೊನೇ ಅಕ್ಷರಕ್ಕೆ ಕೊಂಬು ಹಾಕುವಾಗ ಪೆನ್ನನ್ನು ಕಾಗದದ ಅಂಚಿನವರೆಗೂ ಎಳೆದುಬಿಡುತ್ತಾನೆ. ಇದನ್ನು ಕಲಿಸೋಕೆ ಅಪ್ಪನಿಗೆ ನಾಲ್ಕು ವರ್ಷ ಹಿಡಿದಿತ್ತು. ಸಂಜೆ ಜಗುಲಿ ಮೇಲೆ ಕೂರಿಸಿಕೊಂಡು, ಸ್ಲೇಟಿನ ಮೇಲೆ ತಾನು ಬರೆದು, ಅದರ ಮೇಲೆ ಅವನ ಕೈಲಿ ತಿದ್ದಿಸುತ್ತಿದ್ದರು.

ಎರಡು ವರ್ಷದ ಹಿಂದೆ ಅಪ್ಪ ಹೋದರು. ಒಂದೂಕಾಲು ಎಕರೆ ಜಮೀನು, ಒಂದು ಹೆಂಚಿನ ಮನೆ, ಬ್ಯಾಂಕಿನಲ್ಲಿ ಒಂದು ಎಫ್‌ಡಿ. ಎಲ್ಲಾ ಅವರ ಸ್ವಂತ ದುಡಿಮೆಯದು. ವಿಲ್ ಬರೆದಿರಲಿಲ್ಲ. ತಿಥಿ ಮುಗಿದು ತಿಂಗಳಾಗಿತ್ತು. ಪೌತಿ ಖಾತೆ ಮಾಡಿಸೋಣ, ಅಂದರೆ ಅಪ್ಪನ ಜಮೀನನ್ನು ವಾರಸುದಾರರ ಹೆಸರಿಗೆ ಬರೆಸೋಣ ಅಂತ ವಂಶವೃಕ್ಷಕ್ಕೆ ಅರ್ಜಿ ಹಾಕಿದ್ದೆವು. ಆಗ ಹತ್ತಿರದ ನೆಂಟರೊಬ್ಬರು ಅಮ್ಮನಿಗೆ ಹೇಳಿದರು: "ಅವನಿಗ್ಯಾಕೆ ಪಾಲು ಅಂತೀನಿ. ಹೆಂಗೂ ನೋಡ್ಕೊಳ್ಳೋರು ನೀವೇ ಅಲ್ವಾ? ಒಂದು ಹಕ್ಕುಬಿಡುಗಡೆ ಪತ್ರ ಬರೆಸಿ, ಹೆಬ್ಬೆಟ್ಟು ಒತ್ತಿಸಿಬಿಡಿ. ತಲೆನೋವೇ ಇರಲ್ಲ."

ಅವರು ಕೆಟ್ಟವರಲ್ಲ. ಅಪ್ಪನ ಕಾರ್ಯಕ್ಕೆ ಮೂರು ದಿನ ಒಲೆ ಮುಂದೆಯೇ ನಿಂತವರು. ಅದಕ್ಕೇ ಆ ಮಾತು ನನಗೆ ಜಾಸ್ತಿ ಚುಚ್ಚಿತು. ಅಣ್ಣ ಅಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದ. ನಮ್ಮದು ಹಾಸನದ ಕಡೆ. ಅವರೆ ಸೀಸನ್ನಿನಲ್ಲಿ ಹಿತಕಿದ ಬೇಳೆಗೆ ಕಾಳು ಹಿತಕೋದರಲ್ಲಿ ಅವನನ್ನು ಮೀರಿಸೋರು ಮನೇಲಿ ಯಾರೂ ಇಲ್ಲ. ನಾನು ಒಂದು ಹಿಡಿ ಮುಗಿಸುವಷ್ಟರಲ್ಲಿ ಅವನ ಬೋಗುಣಿ ತುಂಬಿರುತ್ತದೆ. ಪುಳಕ್ ಅಂತ ಬೇಳೆ ಆಚೆ ಬಿದ್ದಾಗಲೆಲ್ಲ ನಗುತ್ತಾನೆ.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳುವವಳು, ಕಾನೂನು ಗೊತ್ತಿಲ್ಲ. ಆದರೆ ಲೆಕ್ಕ ಗೊತ್ತು. ಅಮ್ಮ, ಅಣ್ಣ, ನಾನು: ಮೂರು ಜನ, ಮೂರು ಸಮ ಪಾಲು. ಆಮೇಲೆ ಪರಿಚಯದ ವಕೀಲರೊಬ್ಬರು ಹೇಳಿದರು, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 28ನೇ ಕಲಮಿನಲ್ಲೇ ಇದು ಬರೆದಿದೆಯಂತೆ. ಕಾಯಿಲೆ ಇದೆ, ಊನ ಇದೆ ಅನ್ನೋ ಕಾರಣಕ್ಕೆ ಯಾರ ಪಾಲೂ ತಪ್ಪೋದಿಲ್ಲ. ನಾನು ಹುಟ್ಟೋ ಎಷ್ಟೋ ವರ್ಷ ಮುಂಚೆಯೇ ಇದ್ದ ಕಾನೂನು. ನಮ್ಮ ಜಗುಲಿಗೆ ಇನ್ನೂ ಬಂದಿರಲಿಲ್ಲ, ಅಷ್ಟೆ.

ತಲೆನೋವು ನಿಜವಾಗಿ ಶುರುವಾಗಿದ್ದು ಬ್ಯಾಂಕಿನಲ್ಲಿ. ಎಫ್‌ಡಿಗೆ ಅಪ್ಪ ಅಣ್ಣನನ್ನೇ ನಾಮಿನಿ ಮಾಡಿದ್ದರು. ಅಣ್ಣನನ್ನು ಕರೆದುಕೊಂಡು ಹೋದೆ. ಯಾವ ಬ್ಯಾಂಕು ಅಂತ ಬರೆಯೋದಿಲ್ಲ, ಬಿಡಿ. ಕೌಂಟರಿನವರು ಅವನ ಮುಖ ನೋಡಿದವರೇ ಇಂಕ್ ಪ್ಯಾಡ್ ಮುಂದೆ ತಳ್ಳಿದರು. ಅಣ್ಣ ಕೈ ಹಿಂದಕ್ಕೆ ಎಳೆದುಕೊಂಡು "ಪೆನ್ನು" ಅಂದ. ನಾನು ಪೆನ್ನು ಕೊಟ್ಟೆ. ಮೂರು ಅಕ್ಷರ ಬರೆದ, ಕೊಂಬು ಎಳೆದ. ಅವರು ಅದನ್ನು ನೋಡಿ, "ಮೇಡಂ, ಇವರಿಗೆ ಗಾರ್ಡಿಯನ್ ಯಾರು? ಕೋರ್ಟಿಂದ ಆರ್ಡರ್ ತನ್ನಿ" ಅಂದರು.

"ಇವರ ತಾಯಿ ಇದಾರಲ್ಲ, ಅವರೇ" ಅಂದೆ.

"18 ಆದ್ಮೇಲೆ ತಾಯಿ ಗಾರ್ಡಿಯನ್ ಆಗಲ್ಲ ಮೇಡಂ."

ಅದು ಮಾತ್ರ ಸರಿ. ನಮಗೆ ಗೊತ್ತಿರಲಿಲ್ಲ. 18 ವರ್ಷ ತುಂಬಿದ ಮೇಲೆ ಕಾನೂನಿನ ಕಣ್ಣಿಗೆ ಅಣ್ಣ ಎಲ್ಲರ ಹಾಗೆ ವಯಸ್ಕ. ಹೆತ್ತವರಾದರೂ ಅವನ ಪರವಾಗಿ ಸಹಿ ಹಾಕೋಕೆ ಅಧಿಕಾರವಿಲ್ಲ. ಅಂದರೆ 16 ವರ್ಷ ಅಪ್ಪ ಅಮ್ಮ ಅಧಿಕಾರವಿಲ್ಲದೆಯೇ ಅವನನ್ನು ಸಾಕಿದ್ದರು.

ಕೋರ್ಟಿಗೆ ಹೋಗಬೇಕಿಲ್ಲ ಅಂತ ಹೇಳಿದ್ದು ನಮ್ಮ ಪಂಚಾಯ್ತಿಯ ವಿ.ಆರ್.ಡಬ್ಲ್ಯೂ. ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ. ಈ ಕೆಲಸಕ್ಕೆ ಅಂಗವಿಕಲರನ್ನೇ ತೆಗೆದುಕೊಳ್ಳುತ್ತಾರೆ. ಇವರಿಗೆ ಪೋಲಿಯೋ ಆಗಿ ಒಂದು ಕಾಲು ಸಣ್ಣ. ಮೂರು ಚಕ್ರದ ಸ್ಕೂಟರಿನಲ್ಲಿ ಊರೂರು ಸುತ್ತುತ್ತಾರೆ. ಸಿಗೋ ಗೌರವಧನ ಕೇಳಿದರೆ ನಿಮಗೆ ಬೇಜಾರಾಗುತ್ತದೆ. ಜಗುಲಿ ಮೇಲೆ ಕೂತು ಕಾಫಿ ಕುಡಿಯುತ್ತಾ ಎಲ್ಲಾ ಬಿಡಿಸಿ ಹೇಳಿದರು. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಅಂತ ಒಂದಿದೆ. ನ್ಯಾಷನಲ್ ಟ್ರಸ್ಟ್ ಅಂದರೆ ಎಲ್ಲರಿಗೂ ಗೊತ್ತಾಗುತ್ತದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ಅಂಗವೈಕಲ್ಯ, ಈ ನಾಲ್ಕಕ್ಕೆ ಮಾತ್ರ. ಜಿಲ್ಲಾ ಮಟ್ಟದಲ್ಲಿ ಒಂದು ಸ್ಥಳೀಯ ಸಮಿತಿ ಇರುತ್ತದೆ. ಅದರಲ್ಲಿ ಡಿ.ಸಿ. ದರ್ಜೆಯ ಅಧಿಕಾರಿ, ನೋಂದಾಯಿತ ಸಂಸ್ಥೆಯ ಒಬ್ಬರು, ಜೊತೆಗೆ ಅಂಗವಿಕಲರೊಬ್ಬರು. ಆ ಸಮಿತಿಯೇ ಪೋಷಕರನ್ನು, ಅಂದರೆ ಗಾರ್ಡಿಯನ್ನನ್ನು, ನೇಮಿಸಬಹುದು. ಆ ಸರ್ಟಿಫಿಕೇಟ್ ನಂಬಿ ಖಾತೆ ನಡೆಸಬಹುದು ಅಂತ ರಿಸರ್ವ್ ಬ್ಯಾಂಕ್ 2007ರಲ್ಲೇ ಬ್ಯಾಂಕುಗಳಿಗೆ ತಿಳಿಸಿದೆ. "ಕೌಂಟರಿನವರಿಗೆ ಗೊತ್ತಿರಲ್ಲ ಮೇಡಂ, ಸುತ್ತೋಲೆಯ ಪ್ರತಿ ಹಿಡ್ಕೊಂಡೇ ಹೋಗಿ" ಅಂದರು. ಹಾಗೇ ಮಾಡಿದೆ. ಉಪಯೋಗಕ್ಕೆ ಬಂತು.

ಆದರೆ ಅರ್ಜಿ ಹಾಕುವ ಮುಂಚೆ ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ ಬೇಕಿತ್ತು. ಅಪ್ಪ ಯಾವತ್ತೋ ಮಾಡಿಸಿದ್ದ ಸರ್ಟಿಫಿಕೇಟ್ ಹಳದಿಯಾಗಿ, ಮಡಿಕೆಯಲ್ಲಿ ಹರಿದುಹೋಗಿತ್ತು. ಮತ್ತೆ ತಪಾಸಣೆ.

ಆ ದಿನ ಮಾತ್ರ ಮರೆಯೋಕಾಗುತ್ತಿಲ್ಲ. ಮನಶ್ಶಾಸ್ತ್ರದ ಮೇಡಂ ಚಿಕ್ಕ ವಯಸ್ಸಿನವರು, ತುಂಬಾ ಒಳ್ಳೆಯವರು. ಅಣ್ಣನಿಗೆ ಚಿತ್ರ ತೋರಿಸಿ, ಕಟ್ಟಿಗೆ ತುಂಡು ಜೋಡಿಸಿ ಏನೇನೋ ಮಾಡಿಸಿದರು. ಆಮೇಲೆ ಅಮ್ಮನ ಕಡೆ ತಿರುಗಿ ಒಂದು ಪಟ್ಟಿ ಇಟ್ಟುಕೊಂಡು ಕೇಳುತ್ತಾ ಹೋದರು. ವೈನ್‌ಲ್ಯಾಂಡ್ ಸ್ಕೇಲ್ ಅಂತೆ ಅದು.

"ತಾನೇ ಊಟ ಮಾಡ್ತಾನಾ?" "ಹೂಂ." "ಶರ್ಟ್ ಬಟನ್ ಹಾಕ್ಕೋತಾನಾ?" "ಹಾಕ್ಕೋತಾನೆ, ಮೇಲಿಂದೊಂದು ಬಿಟ್ಟು." "ಸ್ನಾನ?" "ನೀರು ಬೆರೆಸಿಕೊಟ್ರೆ." "ಒಬ್ನೇ ಅಂಗಡಿಗೆ ಹೋಗ್ತಾನಾ? ದುಡ್ಡು ಗೊತ್ತಾಗುತ್ತಾ?"

ಅಮ್ಮ ಇಲ್ಲಿ ನಿಂತಳು. ಅಣ್ಣನಿಗೆ ಗೊತ್ತಿರುವ ದುಡ್ಡು ಒಂದೇ, ಹತ್ತು ರೂಪಾಯಿ ಕಾಯಿನ್. ಹೊರಗೆ ಹಳದಿ, ಒಳಗೆ ಬಿಳಿ. ಅದೆಂದರೆ ಪ್ರಾಣ. ನಮ್ಮ ಕಡೆ ಅಂಗಡಿಯವರು ಅದನ್ನು ಮುಟ್ಟೋದಿಲ್ಲ, ನಡೆಯಲ್ಲ ಅಂತಾರೆ. ನಡೆಯುತ್ತೆ ಅಂತ ರಿಸರ್ವ್ ಬ್ಯಾಂಕೇ ಹೇಳಿದರೂ ಕೇಳೋರಿಲ್ಲ. ಊರಲ್ಲಿ ಅದರ ಬೆಲೆ ಸರಿಯಾಗಿ ಗೊತ್ತಿರೋನು ಅಣ್ಣ ಒಬ್ಬನೇ.

ಅಮ್ಮ ನನ್ನ ಮುಖ ನೋಡಿದಳು. ಮೂವತ್ತಾರು ವರ್ಷ ಬೀದಿಯವರ ಮುಂದೆ, ನೆಂಟರ ಮುಂದೆ "ನನ್ ಮಗನಿಗೆ ಬರುತ್ತೆ, ಎಲ್ಲಾ ಬರುತ್ತೆ" ಅಂತ ಹೇಳಿಕೊಂಡೇ ಬಂದವಳು. ಇಲ್ಲಿ ಒಂದೊಂದು "ಬರುತ್ತೆ"ಗೂ ಅಂಗವೈಕಲ್ಯದ ಪರ್ಸೆಂಟ್ ಇಳಿಯುತ್ತದೆ ಅಂತ ಹೊರಗೆ ಸಾಲಿನಲ್ಲಿದ್ದ ಯಾರೋ ಹೇಳಿಬಿಟ್ಟಿದ್ದರು. ಅಮ್ಮ ತುಂಬ ಹೊತ್ತು ಸುಮ್ಮನಿದ್ದು, "ಸ್ವಲ್ಪ ಗೊತ್ತಾಗುತ್ತಮ್ಮ" ಅಂದಳು. ಸುಳ್ಳು ಹೇಳಲಿಲ್ಲ. ಹೊರಗೆ ಬಂದ ಮೇಲೆ ಅತ್ತಳು.

75 ಪರ್ಸೆಂಟ್ ಬಂತು. ಸ್ಕೋರು 36ರಿಂದ 54ರ ಒಳಗಿದ್ದರೆ ಅಷ್ಟು, ಇನ್ನೂ ಕಡಿಮೆಯಿದ್ದರೆ 90, 100. 40ರಿಂದ 80ರ ಒಳಗಿನವರಿಗೆ ಹಳದಿ ಪಟ್ಟಿಯ ಕಾರ್ಡು. ಚಿಕ್ಕ ಮಕ್ಕಳಿದ್ದರೆ ಒಂದು ಮಾತು: 18ರವರೆಗೆ ಕೊಡೋ ಸರ್ಟಿಫಿಕೇಟ್ ಆಗಾಗ ಹೊಸದು ಮಾಡಿಸಬೇಕು. 18ಕ್ಕೆ ಮಾಡಿಸಿದರೆ ಜೀವನಪೂರ್ತಿ ನಡೆಯುತ್ತದೆ. ಅಪ್ಪ ಇದ್ದಾಗಲೇ ಇದೆಲ್ಲ ಮಾಡಿಸಿಡಬೇಕಿತ್ತು. ನಾನೇ ಉದಾಸೀನ ಮಾಡಿದೆ.

ಕಾರ್ಡು ಬಂದ ಮೇಲೆ ಬೇರೆ ಕೆಲಸಗಳು ಬೇಗ ಆದವು. ಮಾಸಾಶನಕ್ಕೆ ನಾಡಕಚೇರಿಯಲ್ಲಿ ಅರ್ಜಿ. ನಿರಾಮಯ ಅಂತ ನ್ಯಾಷನಲ್ ಟ್ರಸ್ಟಿನದೇ ಆರೋಗ್ಯ ವಿಮೆ ಇದೆ. ವರ್ಷಕ್ಕೆ ಒಂದು ಲಕ್ಷದವರೆಗೆ, ಮೊದಲೇ ಮೆಡಿಕಲ್ ಟೆಸ್ಟ್ ಇಲ್ಲ. ಖಾಸಗಿ ಕಂಪನಿಯವರು ಬುದ್ಧಿಮಾಂದ್ಯ ಅಂದ ತಕ್ಷಣ ಫೋನ್ ಇಡುತ್ತಿದ್ದರು, ಹಾಗಾಗಿ ಇದು ದೊಡ್ಡದು. ನಾವು ಕಟ್ಟಿದ್ದು 500 ರೂಪಾಯಿ, ಬಿಪಿಎಲ್‌ನವರಿಗೆ 250. ಮೊದಲು ಕೈಯಿಂದ ಖರ್ಚು ಮಾಡಿ ಆಮೇಲೆ ಬಿಲ್ ಕಳಿಸಬೇಕು, ಅದೊಂದು ಕಷ್ಟ. ಬಸ್ ಪಾಸು 660 ರೂಪಾಯಿ, ಮನೆಯಿಂದ 100 ಕಿಲೋಮೀಟರ್ ಒಳಗೆ. ಆದರೆ ಅಣ್ಣನಿಗೆ ಪಾಸ್ ಮೇಲೆ ಕೋಪ. ಅಮ್ಮನಿಗೂ ನನಗೂ ಶಕ್ತಿ ಯೋಜನೆಯ ಜೀರೋ ಟಿಕೆಟ್ ಕೊಡುತ್ತಾರೆ, ದುಡ್ಡು ಕೊಡುವ ಅವನಿಗೆ ಟಿಕೆಟ್ಟೇ ಇಲ್ಲ. ಈಗ ನಮ್ಮಿಬ್ಬರ ಟಿಕೆಟ್ಟೂ ಅವನ ಜೇಬಿಗೇ ಹೋಗುತ್ತದೆ.

ಅಂದಹಾಗೆ, ಈ ಕಚೇರಿಗಳ ಬೋರ್ಡಿನ ಮೇಲೆಲ್ಲ "ವಿಕಲಚೇತನ" ಅಂತ ಇರುತ್ತದೆ. ಅಣ್ಣನ ಬೇರೆ ಏನಾದರೂ ವಿಕಲ ಅನ್ನಿ, ಒಪ್ಪುತ್ತೇನೆ. ಅವನ ಚೇತನಕ್ಕೇನಾಗಿದೆ?

ಸಮಿತಿಯ ಸಭೆಗೆ ಮೂವರೂ ಹೋದೆವು. ಅರ್ಜಿ ಹಾಕಿದ್ದು ನಾನು. 67ರ ಅಮ್ಮ "ನನ್ನ ನಂತರ ನೀನೇ ತಾನೆ" ಅಂದು ಒಪ್ಪಿಗೆ ಪತ್ರ ಕೊಟ್ಟಿದ್ದಳು. ಈ ವ್ಯಕ್ತಿಗೆ ಪೋಷಕರು ಬೇಕೇ, ಯಾವ ಉದ್ದೇಶಕ್ಕೆ ಬೇಕು, ಇವೆರಡನ್ನೂ ಸಮಿತಿ ನೋಡಲೇಬೇಕು ಅಂತ ಕಾಯ್ದೆಯಲ್ಲಿದೆ. ಅಧಿಕಾರಿ ಫೈಲ್ ಮುಚ್ಚಿ ಅಣ್ಣನನ್ನೇ ನೋಡಿ ಕೇಳಿದರು: "ಯಾರ ಜೊತೆ ಇರ್ತೀಯಪ್ಪ?"

"ಅಮ್ಮ" ಅಂದ ಅಣ್ಣ.

"ಅಮ್ಮನಿಗೆ ವಯಸ್ಸಾಯ್ತಲ್ಲ. ಆಮೇಲೆ?"

"ಅಮ್ಮ."

ನನ್ನ ಹೆಸರು ಬರಲೇ ಇಲ್ಲ. ಅಷ್ಟು ಕಚೇರಿ ಸುತ್ತಿ, ಸಿ.ಎಲ್. ಎಲ್ಲಾ ಖಾಲಿ ಮಾಡಿಕೊಂಡಿದ್ದವಳಿಗೆ ಸ್ವಲ್ಪ ಚುರುಕ್ ಅಂದಿದ್ದು ನಿಜ. ಅಧಿಕಾರಿ ನಕ್ಕು ಸಹಿ ಹಾಕಿದರು.

ಹೀಗೆ ತಂಗಿ ಅಣ್ಣನಿಗೆ ಪೋಷಕಿಯಾದೆ. ಎಫ್‌ಡಿ ಹಣ ಅವನ ಖಾತೆಗೆ ಬಂತು. ಪಹಣಿಯಲ್ಲಿ ಮೂರು ಹೆಸರೂ ಜಂಟಿಯಾಗಿ ಕೂತವು. ಆದರೆ ಬ್ಯಾಂಕಿನಲ್ಲಿ ಸರ್ಟಿಫಿಕೇಟ್ ಕೊಟ್ಟ ದಿನ ಅಣ್ಣ ಎಂದಿನಂತೆ ಪೆನ್ನಿಗೆ ಕೈ ಚಾಚಿದ. ಅದೇ ಕೌಂಟರಿನವರು, "ಬೇಡ, ಇನ್ಮೇಲೆ ಮೇಡಂ ಸೈನ್ ಒಂದೇ ಸಾಕು" ಅಂದರು. ನಾಲ್ಕು ವರ್ಷ ಸ್ಲೇಟು ತಿದ್ದಿಸಿದ ಅಪ್ಪ ನೆನಪಾದರು. ಅವನ ಪಾಲು ಉಳಿಸೋಕೆ ಹೋಗಿ ಅವನ ಸಹಿ ಕಳೆದವಳು ನಾನೇ.

2016ರಲ್ಲಿ ಬಂದ ಅಂಗವಿಕಲರ ಹಕ್ಕುಗಳ ಕಾಯ್ದೆ ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದಿದೆ. ಏಳು ಇದ್ದ ಅಂಗವೈಕಲ್ಯಗಳ ಪಟ್ಟಿಯನ್ನು 21 ಮಾಡಿದ್ದು ಎಲ್ಲರಿಗೂ ಗೊತ್ತು. ನನಗೆ ಇಷ್ಟವಾಗಿದ್ದು 13 ಮತ್ತು 14ನೇ ಕಲಮುಗಳು. ಆಸ್ತಿ ಇಟ್ಟುಕೊಳ್ಳೋಕೆ, ಹಣದ ವ್ಯವಹಾರ ಮಾಡೋಕೆ ಅಂಗವಿಕಲರಿಗೂ ಎಲ್ಲರಷ್ಟೇ ಹಕ್ಕು. ಬೇಕಾದಷ್ಟು ಬೆಂಬಲ ಕೊಟ್ಟ ಮೇಲೂ ಆಗದಿದ್ದರೆ ಮಾತ್ರ ಸೀಮಿತ ಪೋಷಕರು. ಅದೂ ಒಂದು ನಿರ್ದಿಷ್ಟ ವಿಷಯಕ್ಕೆ, ನಿರ್ದಿಷ್ಟ ಕಾಲಕ್ಕೆ, ಅವರ ಜೊತೆ ಕೂತು ತೀರ್ಮಾನ ಮಾಡೋಕೆ. ಬೆಂಬಲ ಕೊಡುವವರ ಲಾಭಕ್ಕೂ ಅವರ ಲಾಭಕ್ಕೂ ತಿಕ್ಕಾಟ ಬಂದರೆ, ಬೆಂಬಲ ಕೊಡುವವರು ಆ ವ್ಯವಹಾರದಿಂದ ದೂರ ಸರಿಯಬೇಕು. ಜಮೀನಿನಲ್ಲಿ ನಾನೂ ಪಾಲುದಾರಳು ತಾನೆ? ಅದಕ್ಕೆ ಅವನ ಪಾಲಿನ ವಿಷಯ ಏನೇ ಬಂದರೂ ನಾನೊಬ್ಬಳೇ ಕೈ ಹಾಕೋದಿಲ್ಲ ಅಂತ ವಕೀಲರಿಗೆ ಬರೆದುಕೊಟ್ಟಿದ್ದೇನೆ. ಆದರೆ ಬ್ಯಾಂಕು ಕೇಳೋದು ಇವತ್ತಿಗೂ ಹಳೇ ಕಾಯ್ದೆಯ ಸರ್ಟಿಫಿಕೇಟನ್ನೇ.

ಪೋಷಕಿಯಾದ ಆರು ತಿಂಗಳೊಳಗೆ ಅಣ್ಣನ ಆಸ್ತಿಪಾಸ್ತಿಯ ಪಟ್ಟಿ ಸಮಿತಿಗೆ ಕೊಡಬೇಕು. ಆಮೇಲೆ ಪ್ರತಿವರ್ಷ ಲೆಕ್ಕ. ಇದು ಕಿರಿಕಿರಿ ಅಂತ ಕೆಲವರು ಗೊಣಗುತ್ತಾರೆ. ನನಗೆ ಹಾಗನ್ನಿಸಲಿಲ್ಲ. ನನ್ನ ಮೇಲೂ ಒಂದು ಕಣ್ಣಿರಲಿ.

ಊಟ ಆದ ಮೇಲೆ ಜಗುಲಿ ಮೇಲೆ ಕೂತು ಬರೆಯುತ್ತಿದ್ದೆ. ಜಮೀನಿನಲ್ಲಿ ಮೂರನೇ ಒಂದು ಪಾಲು, ಮನೆಯಲ್ಲಿ ಮೂರನೇ ಒಂದು ಪಾಲು, ಠೇವಣಿ ಇಷ್ಟು. "ಏನದು?" ಅಂದ ಅಣ್ಣ. "ನಿಂದೇನೇನಿದೆ ಅಂತ ಬರೀತಿದೀನಣ್ಣ" ಅಂದೆ. ಎದ್ದು ಒಳಗೆ ಹೋದ. ಹಾರ್ಲಿಕ್ಸ್ ಡಬ್ಬಿ ತಂದು ಚಾಪೆ ಮೇಲೆ ಸುರಿದ. ಎಲ್ಲಾ ಹತ್ತು ರೂಪಾಯಿ ಕಾಯಿನ್. ಇಬ್ಬರೂ ಎಣಿಸಿದೆವು, ಅವನು ಒಂದೊಂದೇ ಕೊಡುತ್ತಾ, ನಾನು ಗುಡ್ಡೆ ಹಾಕುತ್ತಾ. 61. ಚರ ಆಸ್ತಿ ಅನ್ನೋ ಜಾಗದಲ್ಲಿ ಬರೆದೆ: ನಾಣ್ಯ, 610 ರೂಪಾಯಿ. ಕೆಳಗೆ ಸಹಿ ನಾನೊಬ್ಬಳೇ ಹಾಕಿದರೆ ಸಾಕಿತ್ತು. ಅವನು ಪೆನ್ನು ಕಿತ್ತುಕೊಂಡು ನನ್ನ ಸಹಿಯ ಪಕ್ಕ ತನ್ನದನ್ನೂ ಬರೆದ. ಕೊಂಬು ಕಾಗದ ದಾಟಿ ಚಾಪೆಗೂ ತಾಗಿತು.

ಹಾಗೇ ಕೊಟ್ಟು ಬಂದೆ. ಗುಮಾಸ್ತರು ಒಂದು ಸಲ ನೋಡಿ, ಏನೂ ಅನ್ನದೆ ಸೀಲ್ ಹಾಕಿದರು. ಮಾರ್ಚ್ ಕಳೆದ ಮೇಲೆ ಮತ್ತೆ ಲೆಕ್ಕ ಕೊಡಬೇಕು. ಡಬ್ಬಿ ಈಗಲೇ ಕತ್ತಿನವರೆಗೆ ತುಂಬಿದೆ.