‘ಡ್ಯೂಟಿ ಮ್ಯಾಲ ಇದ್ರಲ್ಲ, ಮಾಮಾ?’

ಅಕ್ಕನ ಮಗಳಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಿತು. ಭಾವ ಹೆಡ್ ಕಾನ್‌ಸ್ಟೇಬಲ್ ಆಗಿದ್ದರು. ಹುಬ್ಬಳ್ಳಿ-ಧಾರವಾಡ ಬೈಪಾಸಿನಲ್ಲಿ ರಾತ್ರಿ ಡ್ಯೂಟಿಯಲ್ಲಿದ್ದಾಗ ಲಾರಿ ಗುದ್ದಿ ತೀರಿಕೊಂಡರು. ಅಕ್ಕನಿಗೆ ಅನುಕಂಪದ ನೌಕರಿ ಸಿಕ್ಕಿದೆ. ಅದಕ್ಕೆ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಆ ದುಃಖದಲ್ಲಿ ನಮಗೆ ಅದೆಲ್ಲ ಎಲ್ಲಿ ಹೊಳೆಯಬೇಕು? ಭಾವನ ಬ್ಯಾಚಿನವರೇ ಹಾಕಿಸಿದ್ದರು. ಆದರೆ ಆ ಪಗಾರದಲ್ಲಿ ಇಂಜಿನಿಯರಿಂಗ್ ಫೀ ಕಟ್ಟುವುದು ಕಷ್ಟ.

ಸಪ್ತಾಪುರದ ಕಂಪ್ಯೂಟರ್ ಸೆಂಟರಿಗೆ ಹೋದೆವು. ಪ್ರಧಾನ ಮಂತ್ರಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವ ವಿಚಾರ. ಮೊದಲು ಅದು ಮಾಜಿ ಸೈನಿಕರು, ಕೇಂದ್ರದ ಸಶಸ್ತ್ರ ಪೊಲೀಸ್ ಪಡೆಗಳು, ರೈಲ್ವೆ ರಕ್ಷಣಾ ಪಡೆ, ಇವರ ಮಕ್ಕಳಿಗಿತ್ತು. 2019ರಲ್ಲಿ ರಾಜ್ಯ ಪೊಲೀಸರ ಮಕ್ಕಳಿಗೂ ಕೊಟ್ಟರು. ರಾಜ್ಯ ಪೊಲೀಸರ ಪಾಲು ಇಡೀ ದೇಶಕ್ಕೆ ವರ್ಷಕ್ಕೆ 500 ಮಕ್ಕಳು. ಆಗಲೇ ಹುಡುಗಿಯರಿಗೆ ತಿಂಗಳಿಗೆ 3000, ಹುಡುಗರಿಗೆ 2500 ರೂಪಾಯಿ ಮಾಡಿದರು. ವರ್ಷಕ್ಕೆ 36,000 ಅಂದರೆ ಸಣ್ಣದಲ್ಲ.

ಸೆಂಟರಿನ ಹುಡುಗ ನಿಯಮ ಓದಿದ. “ಸರ, ಇದು ಉಗ್ರರು ಇಲ್ಲಾ ನಕ್ಸಲರ ದಾಳಿಯೊಳಗ ತೀರಿಕೊಂಡ ಪೊಲೀಸರ ಮಕ್ಕಳಿಗೆ ಅದ. ಆಕ್ಸಿಡೆಂಟಿಗೆ ಬರೂದಿಲ್ರಿ.”

“ಅಪ್ಪ ಡ್ಯೂಟಿ ಮ್ಯಾಲ ಇದ್ರಲ್ಲ, ಮಾಮಾ?” ಅಂದಳು ಹುಡುಗಿ.

ನಮ್ಮ ಧಾರವಾಡದಲ್ಲಿ ನಕ್ಸಲರು ಎಲ್ಲಿಂದ ಬರಬೇಕು? ಇಲ್ಲಿನ ಪೊಲೀಸರ ಜೀವ ಹೋಗುವುದು ರಸ್ತೆಯಲ್ಲಿ, ಬಂದೋಬಸ್ತಿನಲ್ಲಿ, ನಿದ್ದೆಗೆಟ್ಟು ಬರುವ ಎದೆನೋವಿನಲ್ಲಿ. ಕೈಕಾಲು ಕಳೆದುಕೊಂಡು ಮನೆ ಹಿಡಿದವರೂ ಇದ್ದಾರೆ. 1959ರ ಅಕ್ಟೋಬರ್ 21ರಂದು ಲಡಾಖಿನ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಚೀನೀ ಸೈನಿಕರ ಗುಂಡಿಗೆ ಬಲಿಯಾದ 10 ಪೊಲೀಸರ ನೆನಪಿಗೆ ಪ್ರತಿವರ್ಷ ಹುತಾತ್ಮರ ದಿನ ಮಾಡುತ್ತಾರೆ. ಆ ದಿನ ಭಾವನ ಹೆಸರನ್ನೂ ಓದಿದ್ದರು, ಗುಂಡಿಗೆ ಬಿದ್ದವರ ಜೊತೆಯಲ್ಲೇ. ಹೆಸರು ಓದುವಾಗ ಇಲ್ಲದ ಭೇದ ಫೀ ಕೊಡುವಾಗ ಯಾಕೆ?

ನವನಗರದ ಕಮಿಷನರ್ ಕಚೇರಿಗೆ ಹೋಗಿ ಪೊಲೀಸ್ ಕಲ್ಯಾಣ ನಿಧಿಯ ನೆರವಿಗೆ ಅರ್ಜಿ ಕೊಟ್ಟೆವು. ಏಪ್ರಿಲ್ 2ರ ಪೊಲೀಸ್ ಧ್ವಜ ದಿನದಂದು ನಮ್ಮ ಅಂಗಿಗೆ ಚುಚ್ಚುವ ಪುಟ್ಟ ಧ್ವಜದ ದುಡ್ಡು ಹೋಗುವುದೂ ಪೊಲೀಸರ ಕಲ್ಯಾಣಕ್ಕೇ. ಅಲ್ಲಿನ ಗುಮಾಸ್ತರು ಭಾವನನ್ನು ಬಲ್ಲವರು. ಕೂಡ್ರಿಸಿ ಚಹಾ ಕೊಟ್ಟು, ತಾವೇ ಕಾಗದ ಜೋಡಿಸಿದರು.

ನಿಧಿಯ ದುಡ್ಡು ಬರುವುದಕ್ಕೆ ತಡ ಇದೆ. ಕಾಲೇಜು ಕಾಯುವುದಿಲ್ಲ, ಅಲ್ವಾ? ಮೊದಲ ವರ್ಷದ ಫೀ ಬ್ಯಾಚಿನವರೇ ಕೂಡಿಸಿ ಕಟ್ಟಿದರು. ನನ್ನ ಪಾಲು ಕೊಡಲು ಹೋದರೆ, “ಮುಂದಿನ ವರ್ಷಕ್ಕ ಇಡ್ರಿ” ಅಂದರು.