ಟೆಂಡರಿನ ಎಡಮೂಲೆ

ಕಳೆದ ತಿಂಗಳ ಒಂದು ಭಾನುವಾರ, ಹದಿನಾಲ್ಕು ತಿಂಗಳ ಬಿಡುವಿನ ವೇಳೆಯನ್ನೆಲ್ಲ ಸುರಿದು ವಿನ್ಯಾಸ ಮಾಡಿದ್ದ ವೈ.ಪಿ. ವರ್ಗದ ಉಗಿ ಎಂಜಿನ್ನಿನ ಮಾದರಿಯನ್ನು ಪಕ್ಕದ ಮನೆಯ ಹಿರಿಯರ ಮೇಜಿನ ಮೇಲೆ ಇಟ್ಟೆ. ಅವರು ರೈಲ್ವೆಯ ನಕ್ಷೆ ಕಚೇರಿಯೊಂದರಲ್ಲಿ ದುಡಿದು ನಿವೃತ್ತರಾದವರು. ಇಂಗ್ಲೆಂಡಿನ ಯಾರ್ಕ್‌ನ ನಮ್ಮ ಬೀದಿಯಲ್ಲಿ ನನಗೆ ಮೊದಲು ಪರಿಚಯವಾದವರೂ ಅವರೇ. ಕನ್ನಡಕವನ್ನು ಹಣೆಗೇರಿಸಿ, ಮಾದರಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಬಹಳ ಹೊತ್ತು ನೋಡಿದರು. ಆಮೇಲೆ, "ಚೆನ್ನಾಗಿದೆ. ಇದು ಯಾವುದು?" ಎಂದು ಕೇಳಿದರು.

ವೈ ಎಂದರೆ ಮೀಟರ್‌ಗೇಜ್ (ಹಳಿಗಳ ನಡುವೆ ಒಂದು ಮೀಟರ್ ಅಂತರ), ಪಿ ಎಂದರೆ ಪ್ಯಾಸೆಂಜರ್, ಭಾರತದ ಮೀಟರ್‌ಗೇಜ್ ಹಳಿಗಳ ಮೇಲೆ ಪ್ರಯಾಣಿಕರ ಗಾಡಿಗಳನ್ನು ಎಳೆಯಲೆಂದೇ ರೂಪಿಸಿದ ವರ್ಗ ಇದು ಎಂದು ನಾನು ಉತ್ಸಾಹದಿಂದ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿ, "ಅದು ವರ್ಗದ ಹೆಸರಾಯಿತು. ಇದು ಯಾವ ಎಂಜಿನ್? ಯಾವ ವರ್ಷ?" ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ಆ ಪ್ರಶ್ನೆಯಲ್ಲಿ ಕೊಂಕು ಇರಲಿಲ್ಲವೆಂದು ಗೊತ್ತಿದ್ದರೂ, ಮನೆಗೆ ಮರಳುವಾಗ ಮನಸ್ಸು ಚುರುಕ್ಕೆಂದಿತ್ತು.

ನಿಖರತೆಯ ಬಗ್ಗೆ ನಾನು ಉದಾಸೀನ ಮಾಡಿದವನಲ್ಲ. ಇಂಗ್ಲೆಂಡಿನಲ್ಲಿ ಮಾದರಿ ರೈಲು ಕಟ್ಟುವವರಲ್ಲಿ ಹೆಚ್ಚಿನವರು ಅನುಸರಿಸುವುದು ಒಂದು ಅಡಿಗೆ 4 ಮಿಲಿಮೀಟರ್ ಎಂಬ ಪ್ರಮಾಣವನ್ನು, ಅಂದರೆ 1:76.2. ಈ ಪ್ರಮಾಣದೊಳಗೆ ಹಳೆಯದೊಂದು ತಪ್ಪು ಕುಳಿತಿದೆ. ಬ್ರಿಟಿಷ್ ಎಂಜಿನ್‌ಗಳ ಮೈ ಚಿಕ್ಕದು. ಮಾದರಿಗಳನ್ನು ಓಡಿಸುವ ಆರಂಭಕಾಲದ ಮೋಟರುಗಳು ಅದರೊಳಗೆ ಹಿಡಿಸದೆ ಹೋದಾಗ, ಅಡಿಗೆ 3.5 ಮಿಲಿಮೀಟರ್ ಪ್ರಮಾಣದ ಹಳಿಯನ್ನು ಹಾಗೆಯೇ ಉಳಿಸಿಕೊಂಡು ಮೇಲಿನ ಮೈಯನ್ನು ಮಾತ್ರ ಹಿಗ್ಗಿಸಿದರು. ಇದರಿಂದಾಗಿ 18.83 ಮಿಲಿಮೀಟರ್ ಇರಬೇಕಾದ ಹಳಿಯ ಅಗಲ 16.5ರಲ್ಲೇ ನಿಂತಿತು, ಮತ್ತು ಇಂದಿಗೂ ಅಂಗಡಿಯಲ್ಲಿ ಸಿಗುವ ಮಾದರಿಗಳು ಎದುರಿನಿಂದ ನೋಡಿದರೆ ಕಾಲು ಕೂಡಿಸಿ ನಿಂತಂತೆ ಕಾಣುತ್ತವೆ. ಮೀಟರ್‌ಗೇಜನ್ನು ಇದೇ ಪ್ರಮಾಣಕ್ಕೆ ಇಳಿಸಿದರೆ 13.1 ಮಿಲಿಮೀಟರ್ ಬರುತ್ತದೆ. ಸಿದ್ಧ ಹಳಿ ಸಿಗುವುದು 12ರಲ್ಲಿ. ಅದೇ ತಪ್ಪನ್ನು ನಮ್ಮ ಎಂಜಿನ್ನಿಗೂ ಹೊರಿಸಲು ಮನಸ್ಸಾಗದೆ ನಾನು 13.1ರ ಹಳಿಯನ್ನು ಕೈಯಾರೆ ಜೋಡಿಸಿಕೊಂಡೆ.

ವೈ.ಪಿ.ಯ ಚಾಲಕ ಗಾಲಿಯ, ಅಂದರೆ ಉಗಿಯ ಬಲದಿಂದ ತಿರುಗುವ ದೊಡ್ಡ ಗಾಲಿಯ ವ್ಯಾಸ ನಾಲ್ಕೂವರೆ ಅಡಿ, ಅಂದರೆ ಮಾದರಿಯಲ್ಲಿ ಸರಿಯಾಗಿ 18 ಮಿಲಿಮೀಟರ್. ಈ ಒಂದು ಅಳತೆ ನನಗೆ ಊರುಗೋಲಾಯಿತು. ಪಕ್ಕದಿಂದ ತೆಗೆದ ಯಾವುದೇ ಛಾಯಾಚಿತ್ರದಲ್ಲಿ ಗಾಲಿಯನ್ನು ಅಳೆದು, ಅದರ ಆಧಾರದಿಂದ ಉಳಿದ ಭಾಗಗಳ ಅಳತೆಯನ್ನು ಲೆಕ್ಕ ಹಾಕಬಹುದು. ಆದರೆ ಬಾಯ್ಲರು ಗಾಲಿಗಿಂತ ಹಿಂದಕ್ಕಿರುವುದರಿಂದ ಚಿತ್ರದಲ್ಲಿ ತುಸು ಚಿಕ್ಕದಾಗಿ ಕಾಣುತ್ತದೆಂಬುದನ್ನು ಮರೆಯುವಂತಿಲ್ಲ. ಎಲ್ಲವನ್ನೂ ಪ್ರಮಾಣಕ್ಕೆ ಇಳಿಸಲು ಆಗುವುದೂ ಇಲ್ಲ. 6 ಮಿಲಿಮೀಟರ್ ದಪ್ಪದ ಉಕ್ಕಿನ ತಗಡು ಮಾದರಿಯಲ್ಲಿ 0.08 ಮಿಲಿಮೀಟರ್ ಆಗುತ್ತದೆ. ಮುಟ್ಟಿದರೆ ಮಡಚಿಕೊಳ್ಳುವಂಥ ಗೋಡೆಯಿಂದ ಚಾಲಕನ ಕೋಣೆಯನ್ನು ಕಟ್ಟಲಾಗದು. ಆದ್ದರಿಂದ ಗೋಡೆಯನ್ನು ದಪ್ಪವಾಗಿಯೇ ಬರೆದು, ಕಣ್ಣಿಗೆ ಬೀಳುವ ಕಿಟಕಿಯ ಅಂಚನ್ನು ಮಾತ್ರ ಒಳಗಿನಿಂದ ಓರೆಯಾಗಿ ತೆಳುಗೊಳಿಸಬೇಕು. ಗಾಲಿ ಹಳಿಯಿಂದ ಜಾರದಂತೆ ತಡೆಯುವ ಒಳ ಅಂಚನ್ನು, ಅಂದರೆ ಫ್ಲ್ಯಾಂಜನ್ನು, ನಿಜವಾದ ಪ್ರಮಾಣಕ್ಕೆ ಇಳಿಸಿದರೆ ಹಳಿಯನ್ನು ಹಿಡಿದುಕೊಳ್ಳಲು ಅರ್ಧ ಮಿಲಿಮೀಟರೂ ಉಳಿಯುವುದಿಲ್ಲ, ಆಗ ಪ್ರತಿ ಅಚ್ಚಿಗೂ ಸಣ್ಣ ಸ್ಪ್ರಿಂಗ್ ಕೊಡಬೇಕಾಗುತ್ತದೆ. ಅದನ್ನೂ ಕೊಟ್ಟಿದ್ದೆ. ಅಪ್ಪಟ ಕಪ್ಪು ಬಣ್ಣ ಇಷ್ಟು ಚಿಕ್ಕ ಮೈಯ ಮೇಲೆ ವಿವರಗಳನ್ನೆಲ್ಲ ನುಂಗಿಹಾಕುತ್ತದೆಂದು ಬೂದು ಬೆರೆಸಿದ ಕಪ್ಪನ್ನು ಬಳಿದಿದ್ದೆ. ಇಷ್ಟೆಲ್ಲ ಮಾಡಿದ ಮೇಲೂ ಅದು ಯಾವ ಎಂಜಿನ್ ಎಂದು ಹೇಳಲು ನನಗೆ ಬರಲಿಲ್ಲ.

ಮರುವಾರ ಹಿರಿಯರು ತಮ್ಮ ಗಾಜಿನ ಕಪಾಟಿನಿಂದ ಬ್ರಿಟನ್ನಿನ ಬ್ಲ್ಯಾಕ್ ಫೈವ್ ಎಂಬ ಉಗಿ ಎಂಜಿನ್ ವರ್ಗದ ಮೂರು ಮಾದರಿಗಳನ್ನು ತೆಗೆದು ಸಾಲಾಗಿ ನಿಲ್ಲಿಸಿದರು. ನನಗೆ ಮೂರೂ ಒಂದೇ ಎನಿಸಿದವು. ಅವರು ಬೆರಳಿಟ್ಟು ತೋರಿಸುತ್ತಾ ಹೋದರು: ಒಂದರ ಬಾಯ್ಲರಿನ ಮೇಲೆ ಗುಮ್ಮಟವೇ ಇಲ್ಲ, ಇನ್ನೊಂದರ ಕವಾಟದ ಸನ್ನೆಗಳ ಜೋಡಣೆಯೇ ಬೇರೆ. 1934ರಿಂದ 1951ರವರೆಗೆ ಈ ವರ್ಗದ 842 ಎಂಜಿನ್‌ಗಳು ತಯಾರಾದವು; ದೊಡ್ಡ ರಿಪೇರಿಗೆ ಹೋದಾಗ ಒಂದರ ಬಾಯ್ಲರು ಇನ್ನೊಂದಕ್ಕೆ ಕೂರುತ್ತಿತ್ತು, ಎಂಜಿನ್ನಿನ ಹಿಂದೆ ಕಲ್ಲಿದ್ದಲು, ನೀರು ಹೊರುವ ಟೆಂಡರುಗಳೂ ಅದಲುಬದಲಾಗುತ್ತಿದ್ದವು. ಆದ್ದರಿಂದ ಸಂಖ್ಯೆಯೊಂದೇ ಸಾಲದು, ವರ್ಷವೂ ಬೇಕು. ಕೆಲವೊಮ್ಮೆ ತಿಂಗಳೂ ಬೇಕಾಗುತ್ತದೆ. ಕಾರ್ಖಾನೆಯ ಮೂಲ ನಕ್ಷೆಯು ಎಂಜಿನ್ ಹೇಗಿರಬೇಕೆಂದು ಬಯಸಿದ್ದರೋ ಅದನ್ನು ಹೇಳುತ್ತದೆ, ಅದು ಹೇಗೆ ಬಾಳಿತೆಂಬುದನ್ನು ಹೇಳುವುದಿಲ್ಲ ಎಂದು ಅವರು ವಿವರಿಸಿದಾಗ ನನ್ನ ಹದಿನಾಲ್ಕು ತಿಂಗಳ ಕೊರತೆ ಎಲ್ಲಿತ್ತೆಂಬುದು ತಿಳಿಯಿತು.

ಇಲ್ಲಿಯವರಿಗೆ ಹೀಗೆ ಕೇಳುವುದು ಸಾಧ್ಯವಾಗಿರುವುದು ಉತ್ತರಗಳು ಉಳಿದುಕೊಂಡಿರುವುದರಿಂದ. ನಿಲ್ದಾಣದ ತುದಿಯಲ್ಲಿ ನಿಂತು ಎಂಜಿನ್ ಸಂಖ್ಯೆಗಳನ್ನು ಬರೆದುಕೊಂಡ ಮಕ್ಕಳು ಮುದುಕರಾಗಿದ್ದಾರೆ, ಆದರೆ ಅವರ ನೋಟುಪುಸ್ತಕಗಳು, ಛಾಯಾಚಿತ್ರಗಳು, ರಿಪೇರಿಯ ದಾಖಲೆಗಳು ಸಿಗುತ್ತವೆ. ವೈ.ಪಿ.ಗಳು ಒಟ್ಟು 871 ಇದ್ದವು. 1949ರಲ್ಲಿ ಅಮೆರಿಕದ ಬಾಲ್ಡ್‌ವಿನ್ ಕಂಪನಿಯಿಂದ ಮೊದಲ 20 ಬಂದವು; ಆಮೇಲೆ ಗ್ಲಾಸ್ಗೋದ ನಾರ್ತ್ ಬ್ರಿಟಿಷ್, ಮ್ಯೂನಿಕ್‌ನ ಕ್ರೌಸ್-ಮಫೈ ಮತ್ತು ನಮ್ಮದೇ ಜಮ್‌ಶೆಡ್‌ಪುರದ, ಟಾಟಾದವರ ಟೆಲ್ಕೊ ಅವುಗಳನ್ನು ತಯಾರಿಸಿದವು. ಅವುಗಳಲ್ಲಿ ಒಂದೊಂದೂ ಹೇಗೆ ಬಾಳಿತೆಂದು ತಿಳಿಯಲು ನಾನು ಹುಡುಕಿದಾಗ ಕೈಗೆ ಸಿಕ್ಕ ಒಳ್ಳೆಯ ಚಿತ್ರಗಳಲ್ಲಿ ಹೆಚ್ಚಿನವು ಹೊರದೇಶಗಳಿಂದ ಬಂದ ಉಗಿಬಂಡಿಪ್ರಿಯರು ತೆಗೆದವು. ಆ ಎಂಜಿನ್‌ಗಳ ಜೊತೆ ಹಗಲಿರುಳು ಕಳೆದ ನಮ್ಮವರ ಕೈಯಲ್ಲಿ ಕ್ಯಾಮೆರಾ ಇರಲಿಲ್ಲ, ಇದ್ದವರು ನಿಲ್ದಾಣದೊಳಗೆ ಅದನ್ನು ಹೊರತೆಗೆಯಲು ಅಂಜುತ್ತಿದ್ದರು.

ಎರಡು ವರ್ಷದ ಹಿಂದೆ ರಜೆಗೆ ಬಂದಾಗ, ಒಂದು ನಿಲ್ದಾಣದ ಮುಂದೆ ಕಟ್ಟೆಯ ಮೇಲೆ ನಿಲ್ಲಿಸಿದ್ದ ವೈ.ಪಿ.ಯನ್ನು ಅಳೆಯಲು ಟೇಪು ಹಿಡಿದು ಹೋಗಿದ್ದೆ. ಪದರ ಪದರವಾಗಿ ಬಳಿದ ಎಣ್ಣೆಬಣ್ಣದಡಿ ರಿವೆಟ್‌ಗಳು ಗುಳ್ಳೆಗಳಂತೆ ಉಬ್ಬಿದ್ದವು. ಒಳಗಿನ ಹಿತ್ತಾಳೆಯ ಸಾಮಾನೆಲ್ಲ ಹೋಗಿತ್ತು, ತಯಾರಕರ ಫಲಕವೂ ಇರಲಿಲ್ಲ. ಕಾವಲಿನವರು ಒಳ್ಳೆಯವರು, ನೆರಳಿಗೆ ಕರೆದು ನೀರು ಕೊಟ್ಟು, "ಗುಜರಿ ಸಾಮಾನು ಅಳೆದು ಏನು ಮಾಡ್ತೀರಿ ಸಾರ್?" ಎಂದು ಕೇಳಿದರು. ಗೌರವಕ್ಕೆಂದು ಕಟ್ಟೆಯ ಮೇಲೆ ಏರಿಸಿದ ವಸ್ತುವನ್ನು ಗುಜರಿ ಎಂದು ತಿಳಿಯುವಷ್ಟು ನಾವು ಅದರ ಗುರುತನ್ನು ಅಳಿಸಿದ್ದೇವಲ್ಲ ಎಂಬ ನೋವು ಅಂದಿನಿಂದ ನನ್ನೊಳಗೆ ಉಳಿದಿದೆ. ಮೈಸೂರಿನಲ್ಲಿ 1979ರಿಂದ ರೈಲ್ವೆ ವಸ್ತುಸಂಗ್ರಹಾಲಯವಿದೆ, ಅದು ಹೆಮ್ಮೆಯ ಸಂಗತಿ. ಆದರೆ ಶೆಡ್ಡಿನ ಮಸಿ ಹಿಡಿದ ರಿಜಿಸ್ಟರುಗಳೂ ಉಳಿಸಿಕೊಳ್ಳಬೇಕಾದ ಆಸ್ತಿಯೆಂದು 1990ರ ದಶಕದಲ್ಲಿ, ಮೀಟರ್‌ಗೇಜ್ ಹಳಿಗಳನ್ನು ಕಿತ್ತು ಬ್ರಾಡ್‌ಗೇಜ್ ಹಾಸುವ ಆ ಅವಸರದಲ್ಲಿ, ಎಷ್ಟು ಮಂದಿಗೆ ಹೊಳೆದಿತ್ತು?

ಹುಬ್ಬಳ್ಳಿಯ ಲೋಕೋ ಶೆಡ್ಡಿನಲ್ಲಿ ಫಿಟ್ಟರ್ ಆಗಿದ್ದ ನನ್ನ ಕಾಕಾ ಈಗ ಮಗಳ ಮನೆಯಲ್ಲಿದ್ದಾರೆ. ಹಿರಿಯರ ಪ್ರಶ್ನೆ ಕಾಡುತ್ತಲೇ ಇದ್ದುದರಿಂದ, ಒಂದು ದಿನ ವಿಡಿಯೊ ಕರೆ ಮಾಡಿ ಮಾದರಿಯನ್ನು ನಿಧಾನವಾಗಿ ತಿರುಗಿಸಿ ತೋರಿಸಿದೆ. ಅವರು ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಂದು ನೋಡಿ, "ಎಂಜಿನ್ ಖರೇನ ಅದ. ಆದ್ರ ನಮ್ ಶೆಡ್ಡಿಂದಲ್ಲ ಬಿಡು" ಎಂದರು.

"ಯಾಕ ಕಾಕಾ?"

"ಇಷ್ಟ್ ನೆಟ್ಟಗ ನಮ್ ಬಂಡಿ ಯಾವುದೂ ಇರ್ತಿರ್ಲಿಲ್ಲ ತಮ್ಮಾ."

ಅಲ್ಲಿಂದ ಮುಂದೆ ಒಂದು ತಾಸು ಅವರು ಹೇಳುತ್ತಾ ಹೋದರು, ನಾನು ಬರೆದುಕೊಳ್ಳುತ್ತಾ ಹೋದೆ. ಅವರ ನೆನಪಿನಲ್ಲಿದ್ದ ಬಂಡಿಯ ಫಲಕದಲ್ಲಿ ಟಾಟಾ ಹೆಸರಿತ್ತು. ನಾನು ಆಧಾರವಾಗಿ ಇಟ್ಟುಕೊಂಡಿದ್ದುದು ಗ್ಲಾಸ್ಗೋದ ನಕ್ಷೆಯ ಪ್ರತಿ. ಮುಂದಿನ ದುಂಡು ಬಾಗಿಲಿನ ಮೇಲೆ ಅದರ ಡ್ರೈವರ್ ತಾನೇ ಮಾಡಿಸಿ ಹಾಕಿದ್ದ ಹಿತ್ತಾಳೆಯ ನಕ್ಷತ್ರವಿತ್ತು. ಕಲ್ಲಿದ್ದಲು ಇನ್ನಷ್ಟು ಹಿಡಿಸಲೆಂದು ಟೆಂಡರಿನ ಅಂಚಿಗೆ ತಗಡಿನ ಪಟ್ಟಿಯೊಂದನ್ನು ಕಾಕಾ ಮತ್ತು ಅವರ ಜೊತೆಯವರು ಕೂರಿಸಿದ್ದರು. ಇನ್ನು ಟೆಂಡರಿನ ಹಿಂಬದಿಯ ಎಡಮೂಲೆಯ ಕೈಕಂಬಿ ಬಗ್ಗಿತ್ತು. ನೀರು ತುಂಬಿಸುವಾಗ ವಾಟರ್ ಕಾಲಮ್ಮಿನ ತೋಳನ್ನು ಪಕ್ಕಕ್ಕೆ ಸರಿಸುವ ಮೊದಲೇ ಗಾಡಿ ಮುಂದಕ್ಕೆ ಚಲಿಸಿ, ತೋಳು ಅದಕ್ಕೆ ಸಿಕ್ಕಿಕೊಂಡಿತ್ತಂತೆ. ಅದನ್ನು ನೆಟ್ಟಗೆ ಮಾಡಲು ಕಾಸಿ ಬಡಿದವರು ಕಾಕಾ, ಪೂರ್ತಿ ನೆಟ್ಟಗಾಗಲಿಲ್ಲ. ಎಷ್ಟು ಬಗ್ಗಿತ್ತೆಂದು ತಮ್ಮ ತೋರುಬೆರಳನ್ನು ಬಾಗಿಸಿ, ಪರದೆಯ ಮುಂದೆ ಅಲುಗದಂತೆ ಹಿಡಿದು ತೋರಿಸಿದರು. ಸಂಖ್ಯೆ ಮಾತ್ರ ನೆನಪಾಗಲಿಲ್ಲ. "ಎರಡ್ ಸಾವಿರದ ಮ್ಯಾಲ ಏನೋ ಇತ್ತು" ಎಂದರು. ವೈ.ಪಿ. ಸಂಖ್ಯೆಗಳೆಲ್ಲ ಎರಡು ಸಾವಿರದ ಮೇಲಿನವೇ ಎಂದು ನಾನು ಹೇಳಲಿಲ್ಲ.

ಟೆಂಡರನ್ನು ಹೊಸದಾಗಿ ಬರೆದೆ. ಪಟ್ಟಿಯನ್ನು ಹಿತ್ತಾಳೆಯ ತೆಳು ಹಾಳೆಯಿಂದ ಕತ್ತರಿಸಿದೆ. ಕೈಕಂಬಿಗೆ 0.4 ಮಿಲಿಮೀಟರಿನ ತಂತಿಯನ್ನು ಹಾಕಿ, ಕರೆಯ ವೇಳೆ ಪರದೆಯಿಂದ ಉಳಿಸಿಕೊಂಡಿದ್ದ ಕಾಕಾರ ಬೆರಳಿನ ಚಿತ್ರವನ್ನು ಎದುರಿಗಿಟ್ಟುಕೊಂಡು ಬಾಗಿಸಿದೆ. ನಾಲ್ಕನೆಯ ತಂತಿಗೆ ಆ ಬಾಗು ಬಂತು. ಚಾಲಕನ ಕೋಣೆಯ ಪಕ್ಕದಲ್ಲಿ ಸಂಖ್ಯೆ ಇರಬೇಕಾದ ಜಾಗವನ್ನು ಖಾಲಿ ಬಿಟ್ಟೆ.

ಮೊನ್ನೆ ಶನಿವಾರ ಅದನ್ನು ಮತ್ತೆ ಪಕ್ಕದ ಮನೆಗೆ ಒಯ್ದೆ. ಹಿರಿಯರು ಮೊದಲಿನಂತೆಯೇ ಕನ್ನಡಕವನ್ನು ಹಣೆಗೇರಿಸಿದರು. ಖಾಲಿ ಜಾಗವನ್ನು ನೋಡಿದರು, ಏನೂ ಕೇಳಲಿಲ್ಲ. ಮಾದರಿಯನ್ನು ತಿರುಗಿಸಿ ಟೆಂಡರಿನ ಎಡಮೂಲೆಗೆ ಬಂದಾಗ ಅವರ ಕೈ ನಿಂತಿತು. ಉಗುರಿನ ತುದಿಯನ್ನು ಆ ಬಾಗಿದ ತಂತಿಯ ಹತ್ತಿರ ತಂದು, ಮುಟ್ಟದೆ ಹಿಡಿದು ಕೇಳಿದರು:

"ಇದಕ್ಕೆ ಏನು ತಗುಲಿತ್ತು?"

ನಾನು ಕುರ್ಚಿ ಎಳೆದುಕೊಂಡು ಕುಳಿತು, ಹುಬ್ಬಳ್ಳಿಯ ವಾಟರ್ ಕಾಲಮ್ಮಿನ ಕಥೆಯನ್ನು ಹೇಳತೊಡಗಿದೆ.