ಹೆಸರಿಲ್ಲದವರಿಗೂ ಒಂದು ಸಾಲು: ವರ್ಮಂಟ್ ವಾರಪತ್ರಿಕೆಯ ಹುಟ್ಟು, ಮದುವೆ, ಸಾವುಗಳ ಸೂಚಿ

‘ಕ್ಯಾಲೆಡೋನಿಯನ್’ ಪತ್ರಿಕೆಯ ಸೂಚಿ 1864ರ ಬೇಸಿಗೆಯವರೆಗೆ ಬಂದಿದೆ. ಅಮೆರಿಕದ ಈಶಾನ್ಯ ಮೂಲೆಯ ವರ್ಮಂಟ್ ರಾಜ್ಯದ ಸೇಂಟ್ ಜಾನ್ಸ್‌ಬರಿಯಲ್ಲಿ 1837ರಲ್ಲಿ ಶುರುವಾದ ವಾರಪತ್ರಿಕೆ ಇದು. ಡ್ಯಾನ್‌ವಿಲ್, ಬಾರ್ನೆಟ್, ಪೀಚಮ್, ರೈಗೇಟ್, ಲಿಂಡನ್ ಮೊದಲಾದ ಸುತ್ತಲಿನ ಊರುಗಳ ಮದುವೆ, ಸಾವು, ತೀರಾ ಅಪರೂಪಕ್ಕೆ ಹುಟ್ಟು ಇದರಲ್ಲಿ ಅಚ್ಚಾಗುತ್ತಿದ್ದವು. ಅವನ್ನು ಒಂದೊಂದಾಗಿ ಹೆಕ್ಕಿ ಸ್ಪ್ರೆಡ್‌ಶೀಟಿಗೆ ಇಳಿಸುತ್ತಿದ್ದೇನೆ. ಪುಟಗಳ ಸ್ಕ್ಯಾನ್ ಲೈಬ್ರರಿ ಆಫ್ ಕಾಂಗ್ರೆಸ್‌ನ ‘ಕ್ರಾನಿಕ್ಲಿಂಗ್ ಅಮೆರಿಕ’ ತಾಣದಲ್ಲಿ ಎಲ್ಲರಿಗೂ ಪುಕ್ಕಟೆ ಸಿಗುತ್ತದೆ. ಧಾರವಾಡದಲ್ಲಿ ಕೂತವರೂ ಓದಬಹುದು.

ಮೊದಲು ಹುಡುಕುವ ಬಗೆ. ತಾಣದಲ್ಲಿ ಪದ ಕೊಟ್ಟು ಹುಡುಕುವ ಸೌಲಭ್ಯವಿದೆ, ಆದರೆ ಈ ಕೆಲಸಕ್ಕೆ ಅದನ್ನು ನಂಬುವಂತಿಲ್ಲ. ಸವೆದ ಅಚ್ಚುಮೊಳೆ, ಹರಡಿದ ಶಾಯಿ, ಮಸುಕಾದ ಮೈಕ್ರೋಫಿಲ್ಮ್ ಮೂರೂ ಸೇರಿದರೆ ಯಂತ್ರ ಓದುವ ಹೆಸರಿಗೂ ಪುಟದಲ್ಲಿರುವ ಹೆಸರಿಗೂ ಸಂಬಂಧವೇ ಇರುವುದಿಲ್ಲ. ಆದ್ದರಿಂದ ಕಣ್ಣಿನಿಂದಲೇ ಓದುತ್ತೇನೆ. ಆ ಕಾಲದ ಹಳ್ಳಿಗಾಡಿನ ವಾರಪತ್ರಿಕೆ ಎಂದರೆ ಮಡಿಸಿದ ಒಂದು ದೊಡ್ಡ ಹಾಳೆ, ನಾಲ್ಕು ಪುಟ. ಹೊರಗಿನ ಒಂದು ಮತ್ತು ನಾಲ್ಕನೆಯ ಪುಟಗಳನ್ನು ಮೊದಲು ಅಚ್ಚುಹಾಕಿ, ತಾಜಾ ಸುದ್ದಿಗೆಂದು ಒಳಪುಟಗಳನ್ನು ಕೊನೆಗೆ ಉಳಿಸಿಕೊಳ್ಳುತ್ತಿದ್ದರು. ಊರಿನ ಸಾವು ಮದುವೆಗಳು ಎರಡನೆಯ ಅಥವಾ ಮೂರನೆಯ ಪುಟದಲ್ಲಿ ಸಿಗುವುದು ಇದೇ ಕಾರಣಕ್ಕೆ. ನೇರವಾಗಿ ಅಲ್ಲಿಗೇ ಹೋದರೆ ಅರ್ಧ ಸಮಯ ಉಳಿಯುತ್ತದೆ.

ತಾರೀಖಿಗೆ ಎರಡು ಕಾಲಂ ಇಟ್ಟಿದ್ದೇನೆ: ಪತ್ರಿಕೆಯ ದಿನ ಒಂದು, ಘಟನೆಯ ದಿನ ಇನ್ನೊಂದು. ತಿಂಗಳ ಹೆಸರು ಬರೆಯುವ ರೂಢಿಯೇ ಕಡಿಮೆ. ‘ಇನ್‌ಸ್ಟ್’ ಎಂದಿದ್ದರೆ ಇದೇ ತಿಂಗಳು, ‘ಅಲ್ಟ್’ ಎಂದಿದ್ದರೆ ಹಿಂದಿನ ತಿಂಗಳು. ಜನವರಿ ಮೊದಲ ವಾರದ ಸಂಚಿಕೆಯಲ್ಲಿ ‘28 ಅಲ್ಟ್’ ಕಂಡರೆ ಅದು ಹಿಂದಿನ ವರ್ಷದ ಡಿಸೆಂಬರ್, ವರ್ಷವನ್ನೂ ಬದಲಿಸಬೇಕು. ‘ಕಳೆದ ಗುರುವಾರ’ ಎಂದಷ್ಟೇ ಇದ್ದಲ್ಲಿ ಆ ವರ್ಷದ ಕ್ಯಾಲೆಂಡರ್ ಪಕ್ಕದಲ್ಲಿಟ್ಟುಕೊಂಡು ಲೆಕ್ಕ ಹಾಕುತ್ತೇನೆ.

ಮದುವೆಯ ಸುದ್ದಿ ಬಹಳ ಸರಳ: ಊರು, ದಿನ, ಮದುವೆ ಮಾಡಿಸಿದ ಪಾದ್ರಿ, ವರ, ವಧು. ಪಾದ್ರಿಯ ಹೆಸರನ್ನು ಮಾತ್ರ ಯಾರೂ ಬಿಡಬಾರದು. ಯಾವ ಚರ್ಚಿನ ದಾಖಲೆಪುಸ್ತಕ ತೆರೆಯಬೇಕೆಂದು ತಿಳಿಯುವುದು ಅದರಿಂದಲೇ. ಮದುವೆಯ ಸುದ್ದಿಯ ಜೊತೆಗೆ ಅಚ್ಚುಕೂಟದವರಿಗೆ ಕೇಕಿನ ತುಂಡು ಕಳಿಸುವ ಪದ್ಧತಿ ಆಗಿನ ಅಮೆರಿಕದಲ್ಲಿ ಎಲ್ಲೆಡೆ ಇತ್ತು. ಸಂಪಾದಕರು ಸುದ್ದಿಯ ಕೆಳಗೇ ಕೇಕಿಗೆ ವಂದನೆ ಹೇಳಿ ದಂಪತಿಯನ್ನು ಹರಸುತ್ತಿದ್ದರು. ಆ ಸಾಲುಗಳನ್ನೂ ಟಿಪ್ಪಣಿಯಲ್ಲಿ ಉಳಿಸಿಕೊಳ್ಳುತ್ತಿದ್ದೇನೆ. ಸೂಚಿಗೆ ಬೇಡದಿದ್ದರೂ ನನಗೆ ಬೇಕು.

ಹುಟ್ಟಿನ ವಿಷಯಕ್ಕೆ ಬರೋಣ. 1840, 50ರ ದಶಕಗಳಲ್ಲಿ ಮಗು ಹುಟ್ಟಿತೆಂದು ಅಚ್ಚುಹಾಕುವ ರೂಢಿಯೇ ಇರಲಿಲ್ಲ ಎನ್ನಬಹುದು. ಊರಸುದ್ದಿಯ ಅಂಕಣಗಳು ಬೆಳೆದ ಮೇಲೆ, ಶತಮಾನದ ಕೊನೆಯ ದಶಕಗಳಲ್ಲಿ, ಇಂಥವರ ಮನೆಯಲ್ಲಿ ಇಷ್ಟು ಪೌಂಡ್ ತೂಕದ ಗಂಡುಮಗು ಎಂಬ ಸುದ್ದಿಗಳು ಹೆಚ್ಚುತ್ತವೆ. ಅಲ್ಲಿಯೂ ಅಪ್ಪನ ಹೆಸರಿರುತ್ತದೆ, ಅಮ್ಮನದು ಇರುವುದಿಲ್ಲ. ಹಾಗಾದರೆ ಮೊದಲಿನವರ ಹುಟ್ಟಿದ ದಿನ ಎಲ್ಲಿ ಸಿಗುತ್ತದೆ? ಬಹಳಷ್ಟು ಸಲ ಸಾವಿನ ಸಾಲಿನಲ್ಲೇ. ತೀರಿಕೊಂಡವರ ವಯಸ್ಸನ್ನು ವರ್ಷ, ತಿಂಗಳು, ದಿನ ಬಿಡಿಸಿ ಹಾಕುವ ವಾಡಿಕೆಯಿತ್ತು. ಸತ್ತ ದಿನದಿಂದ ಹಿಂದಕ್ಕೆ ಎಣಿಸಿದರೆ ಹುಟ್ಟಿದ ದಿನ ಬರುತ್ತದೆ. ತಿಂಗಳಿಗೆ ಮೂವತ್ತೋ ಮೂವತ್ತೊಂದೋ ಎಂಬುದರ ಮೇಲೆ ಒಂದೆರಡು ದಿನ ಆಚೀಚೆ ಆಗುವುದರಿಂದ ಅಂಥ ದಿನಾಂಕಗಳಿಗೆ ‘ಲೆಕ್ಕದಿಂದ’ ಎಂಬ ಗುರುತು ಹಾಕಿದ್ದೇನೆ.

ಈ ಸೂಚಿಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ಈ ಮುಂದಿನದು. ಮನೆತನದ ಹೆಸರಿನ ಅಕಾರಾದಿಯಲ್ಲಿ ಸೂಚಿ ಮಾಡಿದರೆ ಎರಡು ಬಗೆಯ ಜನ ಉದುರಿಹೋಗುತ್ತಾರೆ. ಒಂದು, ಇಂಥವರ ಹೆಂಡತಿ ಎಂದಷ್ಟೇ ಅಚ್ಚಾದ ಹೆಂಗಸರು. ಇನ್ನೊಂದು, ಇಂಥವರ ಕೂಸು ಎಂದಷ್ಟೇ ಬಂದ ಮಕ್ಕಳು. ಗಂಡನ ಅಥವಾ ಅಪ್ಪನ ಹೆಸರಿನ ಮುಂದೆ ಒಂದು ಟಿಪ್ಪಣಿಯಾಗಿ ಅವರನ್ನು ಸೇರಿಸಿಬಿಡುವುದು ಸುಲಭ. ನಾನು ಹಾಗೆ ಮಾಡುತ್ತಿಲ್ಲ. ಹೆಸರು ಇಲ್ಲದಿದ್ದರೂ ಪ್ರತಿಯೊಬ್ಬರಿಗೂ ಪ್ರತ್ಯೇಕ ಸಾಲು, ಪ್ರತ್ಯೇಕ ಕ್ರಮಸಂಖ್ಯೆ. ಹೆಸರಿನ ಖಾನೆ ಖಾಲಿ ಇರಲಿ; ಮುಂದೆ ಯಾರಾದರೂ ತುಂಬಬಹುದು.

ಕೆಲವನ್ನು ಈ ಸೂಚಿಯೇ ತುಂಬಿಕೊಡುತ್ತದೆ. ಮದುವೆಯ ಸುದ್ದಿಯಲ್ಲಿ ವಧುವಿಗೆ ತನ್ನದೇ ಹೆಸರಿದೆ, ತವರಿನ ಮನೆತನದ ಹೆಸರೂ ಇದೆ. ಆರೇಳು ವರ್ಷಗಳ ಮೇಲೆ ಅದೇ ಊರಿನ ಅದೇ ಗಂಡಸಿನ ಹೆಂಡತಿ ತೀರಿಕೊಂಡಳೆಂದು ಬರುತ್ತದೆ, ವಯಸ್ಸು ಹೊಂದುತ್ತದೆ. ಎರಡೂ ಸಾಲುಗಳಿಗೆ ಕೊಂಡಿ ಹಾಕಿದೆನೆಂದರೆ ಆಕೆಗೆ ಹೆಸರು ಬಂತು. ನಡುವೆ ಮೊದಲ ಹೆಂಡತಿ ಸತ್ತು ಎರಡನೆಯವಳು ಬಂದಿರುವ ಸಂಭವ ಯಾವಾಗಲೂ ಇರುವುದರಿಂದ, ವಯಸ್ಸು, ಊರು ಎರಡೂ ಕೂಡಿಬಂದ ಹೊರತು ಕೊಂಡಿ ಹಾಕುವುದಿಲ್ಲ.

ಮಕ್ಕಳ ಸಾಲುಗಳು ಯಾಕೆ ಇಷ್ಟು ಮುಖ್ಯ ಎನ್ನುವುದಕ್ಕೆ ಜನಗಣತಿಯನ್ನು ನೋಡಬೇಕು. 1840ರವರೆಗೆ ಅಮೆರಿಕದ ಜನಗಣತಿಯಲ್ಲಿ ಮನೆಯ ಯಜಮಾನನ ಹೆಸರು ಮಾತ್ರ ಬರೆಯುತ್ತಿದ್ದರು, ಉಳಿದವರು ಬರಿಯ ಅಂಕಿ. ಸ್ವತಂತ್ರರಾಗಿದ್ದ ಎಲ್ಲರ ಹೆಸರನ್ನೂ ಬರೆದದ್ದು 1850ರಲ್ಲಿ ಮೊದಲು. (ದಕ್ಷಿಣದ ರಾಜ್ಯಗಳಲ್ಲಿ ಗುಲಾಮಗಿರಿಯಲ್ಲಿದ್ದವರಿಗೆ ಆಗಲೂ ಹೆಸರು ದಕ್ಕಲಿಲ್ಲ. 1850, 1860 ಎರಡರಲ್ಲೂ ಒಡೆಯನ ಹೆಸರಿನ ಕೆಳಗೆ ವಯಸ್ಸು, ಲಿಂಗ, ಬಣ್ಣ ಮಾತ್ರ ಬರೆದು ಅವರನ್ನು ಎಣಿಸಿದರು.) ಗಣತಿಯ ಲೆಕ್ಕ ಜೂನ್ 1ಕ್ಕೆ. 1851ರಲ್ಲಿ ಹುಟ್ಟಿ 1858ರಲ್ಲಿ ಸತ್ತ ಮಗು ಎರಡು ಗಣತಿಗಳ ನಡುವೆ ಬಂದು ಹೋಗಿಬಿಟ್ಟಿದೆ. ಗಣತಿಗೆ ಮುಂಚಿನ ಒಂದು ವರ್ಷದಲ್ಲಿ ಸತ್ತವರ ಪಟ್ಟಿಯನ್ನು ಬೇರೆಯಾಗಿ ಬರೆಯುತ್ತಿದ್ದರು, ಅದರಲ್ಲೂ ಈ ಮಗು ಇಲ್ಲ. ಊರ ದಾಖಲೆಯಲ್ಲೋ ಗೋರಿಕಲ್ಲಿನ ಮೇಲೋ ಇಲ್ಲದಿದ್ದರೆ, ಆ ಏಳು ವರ್ಷಕ್ಕೆ ಉಳಿದಿರುವ ಗುರುತು ಪತ್ರಿಕೆಯ ಈ ಒಂದು ಸಾಲು. 1850ರ ದಶಕದ ಕೊನೆಯಿಂದ ಗಂಟಲುಮಾರಿ ವರ್ಮಂಟ್ ಸೇರಿದ ನ್ಯೂ ಇಂಗ್ಲೆಂಡ್ ಪ್ರದೇಶದ ಹಳ್ಳಿಗಳಲ್ಲಿ ಹರಡಿತ್ತು. ಒಂದೇ ಮನೆಯ ಮಕ್ಕಳು ವಾರ ಹದಿನೈದು ದಿನದೊಳಗೆ ಒಂದರ ಹಿಂದೆ ಒಂದು ಹೋಗುತ್ತಿದ್ದ ಕಾಲ. ಪತ್ರಿಕೆ ಅಂಥವರನ್ನು ಒಂದೇ ಕಂಡಿಕೆಯಲ್ಲಿ ಹಾಕಿದ್ದರೂ ನನ್ನ ಸೂಚಿಯಲ್ಲಿ ಅವರು ಬೇರೆಬೇರೆ. ಈ ಭಾಗ ಮಾಡುವಾಗ ಬೇಗಬೇಗ ಟೈಪು ಮಾಡಲು ಕೈ ಬರುವುದಿಲ್ಲ.

ಈಗ ಅಮೆರಿಕದ ಅಂತರ್ಯುದ್ಧದ ವರ್ಷಗಳು. 1861ರಲ್ಲಿ ಮೂರನೆಯ ವರ್ಮಂಟ್ ರೆಜಿಮೆಂಟ್ ನೆರೆದದ್ದು ಸೇಂಟ್ ಜಾನ್ಸ್‌ಬರಿಯಲ್ಲೇ. ಅದು ಸೇರಿದ್ದ ವರ್ಮಂಟ್ ಬ್ರಿಗೇಡ್ 1864ರ ಮೇ 5, 6ರಂದು ವರ್ಜೀನಿಯದ ವೈಲ್ಡರ್‌ನೆಸ್ ಕಾಳಗದಲ್ಲಿ ಸಿಕ್ಕಿಕೊಂಡಿತು. ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ 1,200ಕ್ಕೂ ಹೆಚ್ಚು. ಇಂಥ ಸುದ್ದಿ ‘ಮರಣ’ ಎಂಬ ತಲೆಬರಹದ ಕೆಳಗಷ್ಟೇ ಬರುವುದಿಲ್ಲ. ಗಾಯಾಳುಗಳ ಪಟ್ಟಿ, ಮುಂಚೂಣಿಯಿಂದ ಬಂದ ಪತ್ರ ಎಲ್ಲವನ್ನೂ ಓದಬೇಕು. ಗಾಯಾಳು ಎಂದು ಬಂದವನು ಕೆಲವು ವಾರಗಳ ಬಳಿಕ ಆಸ್ಪತ್ರೆಯಲ್ಲಿ ತೀರಿಕೊಂಡಿರಬಹುದು. ಆ ಯುದ್ಧದಲ್ಲಿ ಗುಂಡಿಗಿಂತ ರೋಗಕ್ಕೆ ಸತ್ತ ಸೈನಿಕರೇ ಹೆಚ್ಚು. ಆದ್ದರಿಂದ ಸಾವಿನ ಕಾರಣ, ಕಂಪನಿ, ರೆಜಿಮೆಂಟ್ ಮೂರಕ್ಕೂ ಖಾನೆ ಸೇರಿಸಿದ್ದೇನೆ. ಕೆಲಸ ನಿಧಾನವಾಗಿರುವುದು ಇಲ್ಲಿಯೇ.

ಇದಾದ ಮೇಲೆ ಪಶ್ಚಿಮದ ರಾಜ್ಯಗಳ ಪತ್ರಿಕೆಗಳಿಗೆ ಹೋಗಬೇಕು. ವರ್ಮಂಟ್‌ನ ಕಲ್ಲುನೆಲ ಬಿಟ್ಟು ವಿಸ್ಕಾನ್ಸಿನ್, ಇಲಿನಾಯ್, ಕ್ಯಾಲಿಫೋರ್ನಿಯಾಗಳಿಗೆ ಹೋದವರು ಬಹಳ. ಅಲ್ಲಿ ಯಾರಾದರೂ ತೀರಿಕೊಂಡರೆ, ವರ್ಮಂಟ್ ಪತ್ರಿಕೆಗಳು ದಯವಿಟ್ಟು ಇದನ್ನು ಎತ್ತಿಕೊಳ್ಳಿ ಎಂದು ಸುದ್ದಿಯ ಕೊನೆಗೆ ಹಾಕುತ್ತಿದ್ದರು. 1792ರ ಅಂಚೆ ಕಾಯಿದೆಯಂತೆ ಪತ್ರಿಕೆಯವರು ಒಬ್ಬರಿಗೊಬ್ಬರು ಪ್ರತಿಗಳನ್ನು ಅಂಚೆವೆಚ್ಚವಿಲ್ಲದೆ ಕಳಿಸಬಹುದಿತ್ತು. ಆ ಕೋರಿಕೆ ಈಡೇರುತ್ತಿದ್ದದ್ದು ಅದರಿಂದ. ಹೀಗೆ ಒಂದೇ ಸಾವು ಎರಡು ರಾಜ್ಯಗಳಲ್ಲಿ ಸಿಗುತ್ತದೆ, ಮತ್ತು ಎರಡರಲ್ಲೂ ಒಂದೇ ವಿವರ ಇರುವುದಿಲ್ಲ. ತೀರಿಕೊಂಡವಳು ಹೆಂಗಸಾದರೆ ಅಲ್ಲಿ ಗಂಡನ ಊರು, ಇಲ್ಲಿ ಅವಳ ತವರು. ಖಾಲಿ ಉಳಿದ ಹೆಸರಿನ ಖಾನೆಗಳಲ್ಲಿ ಕೆಲವಾದರೂ ಅಲ್ಲಿ ತುಂಬುತ್ತವೆಂದು ನಂಬಿದ್ದೇನೆ.

ವಿಸ್ಕಾನ್ಸಿನ್‌ಗೆ ಹೋದಾಗ ಪುಟದ ಲೆಕ್ಕ ಬದಲಾಗುತ್ತದೆ. ಅಲ್ಲಿನ ಬಾರಬೂ ಊರಿನ ಎ. ಎನ್. ಕೆಲಾಗ್ ಎಂಬ ಸಂಪಾದಕರು 1861ರಲ್ಲಿ, ತಮ್ಮ ಅಚ್ಚುಕೂಟದ ಆಳು ಯುದ್ಧಕ್ಕೆ ಹೋದಾಗ, ಒಂದು ಬದಿ ರಾಜ್ಯದ ರಾಜಧಾನಿ ಮ್ಯಾಡಿಸನ್‌ನಲ್ಲೇ ಅಚ್ಚಾದ ಹಾಳೆ ತರಿಸಿ ಇನ್ನೊಂದು ಬದಿಗೆ ಊರ ಸುದ್ದಿ ಹಾಕಿದರು. ಈ ಪದ್ಧತಿ ಮುಂದೆ ಹಳ್ಳಿಗಾಡಿನ ಪತ್ರಿಕೆಗಳಲ್ಲೆಲ್ಲ ಹಬ್ಬಿತು. ಒಳಪುಟಗಳು ಹೊರಗಿನಿಂದ ಬಂದಿದ್ದರೆ ಊರ ಸಾವು ಮದುವೆಗಳನ್ನು ಒಂದನೆಯ, ನಾಲ್ಕನೆಯ ಪುಟದಲ್ಲಿ ಹುಡುಕಬೇಕು. ಪ್ರತಿ ಪತ್ರಿಕೆಯ ಮೊದಲ ಕೆಲವು ಸಂಚಿಕೆ ನೋಡಿ, ಯಾವ ಬದಿ ಊರಿನದು ಎಂದು ಗೊತ್ತುಮಾಡಿಕೊಂಡ ಮೇಲೆಯೇ ಅಲ್ಲಿನ ಸೂಚಿ ಶುರುಮಾಡುತ್ತೇನೆ. ಅಷ್ಟರೊಳಗೆ 1865ರ ಪಟ್ಟಿಗಳು ಮುಗಿಯಬೇಕು.